ಮನೆ ಅತ್ತೆಯ ಹೆಸರಿನಲ್ಲಿದ್ದರೆ ಸೊಸೆಯನ್ನು ಹೊರಗೆ ಹಾಕಬಹುದಾ?

ಇಲ್ಲ, ಕಾನೂನಿನ ದಾರಿ ಬಿಟ್ಟು ಸುಮ್ನೆ ಹೊರಗೆ ಹಾಕುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮುಖ್ಯವಾಗಿ ನೋಡುವುದು ಮನೆ ಪತ್ರ ಯಾರ ಹೆಸರಿನಲ್ಲಿದೆ ಅಂತಲ್ಲ, ಆಕೆ ಅಲ್ಲಿ ಸಂಸಾರ ಮಾಡಿಕೊಂಡಿದ್ದಳಾ ಅಂತ. ಅತ್ತೆ-ಮಾವನ ಸ್ವಂತ ಮನೆಗೂ ಇದು ಅನ್ವಯಿಸಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಅದಕ್ಕೂ ಮೊದಲು, 2006ರ ತೀರ್ಪೊಂದರಿಂದಾಗಿ ಎಷ್ಟೋ ಸೊಸೆಯಂದಿರ ಅರ್ಜಿ ‘ಮನೆ ಅತ್ತೆ-ಮಾವನದ್ದು’ ಎಂಬ ಕಾರಣಕ್ಕೇ ಮುಗ್ಗರಿಸುತ್ತಿತ್ತು. ಆದರೆ ಇದು ವಾಸದ ಹಕ್ಕು ಮಾತ್ರ, ಆಸ್ತಿಯಲ್ಲಿ ಪಾಲಲ್ಲ.

ಅಲ್ಲೇ ಇರುವುದು ಅಪಾಯ ಅನ್ನಿಸಿದರೆ? ಗಂಡನಿಂದ ಬೇರೆ ಮನೆ ಅಥವಾ ಅದರ ಬಾಡಿಗೆ ಕೊಡಿಸಿ ಎಂದೂ ಕೇಳಬಹುದು. ಕರ್ನಾಟಕದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿ ಹೆಂಗಸರಿಗೆ ನೆರವಾಗುವ ಸಂರಕ್ಷಣಾಧಿಕಾರಿ (ಇದು ಜಾಸ್ತಿ ಜನರಿಗೆ ಗೊತ್ತಿಲ್ಲ). ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಲು ಅವರು ನೆರವಾಗುತ್ತಾರೆ. ಮಹಿಳಾ ಸಹಾಯವಾಣಿ 181, ಹೊಡೆತದ ಭಯವಿದ್ದರೆ ನೇರ 112.