20 ಲೇಖನ ಓದಿ ಬರೆದ ಸಾಹಿತ್ಯ ಸಮೀಕ್ಷೆ ವಾಪಸ್ ಬಂದಿದ್ದಕ್ಕೆ

ಸ್ವಸಹಾಯ ಸಂಘದ ಸಾಲದಿಂದ ಮಹಿಳೆಯರ ಸಬಲೀಕರಣ ಆಗುತ್ತದೆಯೇ ಎಂಬ ನಿಮ್ಮ ಸಂಶೋಧನೆಗಾಗಿ, ಹಿಂದಿನ ಅಧ್ಯಯನಗಳನ್ನು ಅವಲೋಕಿಸುವ ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನು ಒಂದು ಲೇಖನಕ್ಕೆ ಒಂದು ಪ್ಯಾರಾದಂತೆ ಬರೆದಿದ್ದೀರಿ. ಗೈಡ್ 'ಇದು ಸಮೀಕ್ಷೆಯಲ್ಲ, ಪಟ್ಟಿ' ಎಂದು ವಾಪಸ್ ಕೊಟ್ಟಿದ್ದಕ್ಕೆ ಬಹುಶಃ ಅದೇ ಕಾರಣ. 20 ಲೇಖನ ಓದಿದ ಶ್ರಮ ವ್ಯರ್ಥವಾಗಿಲ್ಲ, ಜೋಡಣೆ ಬದಲಾಗಬೇಕು ಅಷ್ಟೆ.

ಮೊದಲು ಎಕ್ಸೆಲ್‌ನಲ್ಲಿ ಕೋಷ್ಟಕ ಮಾಡಿ. ಲೇಖನಕ್ಕೊಂದು ಸಾಲು: ಯಾವ ಊರು, ಯಾವ ವರ್ಷ, ಎಷ್ಟು ಜನರನ್ನು ಕೇಳಿದರು, 'ಸಬಲೀಕರಣ'ವನ್ನು ಯಾವುದರಿಂದ ಅಳೆದರು, ಏನು ಕಂಡರು. ಅಳತೆಯ ಕಾಲಂ ಮಾತ್ರ ಅವಸರದಲ್ಲಿ ತುಂಬಬೇಡಿ. ನಿಮ್ಮ ವಿಷಯದ ಜೀವ ಇರುವುದೇ ಅಲ್ಲಿ. ಉದಾಹರಣೆಗೆ, 1996ರಲ್ಲಿ ಬಾಂಗ್ಲಾದೇಶದ ಕಿರುಸಾಲದ ಬಗ್ಗೆ ಎರಡು ಅಧ್ಯಯನ ಬಂದವು. ಗೋಟ್ಸ್ ಮತ್ತು ಸೇನ್ ಗುಪ್ತಾ ಸಾಲದ ಹಣ ಯಾರ ಕೈಯಲ್ಲಿದೆ ಎಂದು ನೋಡಿ, ಬಹಳಷ್ಟು ಕಡೆ ಅದು ಗಂಡಸರ ಹಿಡಿತದಲ್ಲಿದೆ ಎಂದರು. ಹಾಶೆಮಿ ತಂಡ ಹೆಂಗಸರ ಓಡಾಟ, ಖರೀದಿ, ಮನೆಯ ತೀರ್ಮಾನಗಳಲ್ಲಿ ಪಾಲು ಇವನ್ನು ಅಳೆದು, ಸಾಲದಿಂದ ಅನುಕೂಲವಾಗಿದೆ ಎಂದಿತು. ಇಂಥ ಭಿನ್ನಾಭಿಪ್ರಾಯ ಹುಟ್ಟುವುದೇಕೆ ಎಂಬುದನ್ನೇ ಸಂಶೋಧಕಿ ನಾಯ್ಲಾ ಕಬೀರ್ 2001ರಲ್ಲಿ ಕೆದಕಿದರು. ಈ ಮೂರನ್ನೂ ಒಂದೇ ಪ್ಯಾರಾದಲ್ಲಿ ಎದುರುಬದುರು ಕೂರಿಸಿ, ಸಮೀಕ್ಷೆ ತಾನಾಗಿ ಶುರುವಾಗುತ್ತದೆ.

ಆಮೇಲೆ ಪ್ರತಿ ಪ್ಯಾರಾದ ಮೊದಲ ಸಾಲಿನಲ್ಲಿ ಲೇಖಕರ ಹೆಸರು ತೆಗೆದು ಒಂದು ವಾದ ಇಡಿ. ಕರ್ನಾಟಕದ ಸ್ತ್ರೀಶಕ್ತಿ ಸಂಘಗಳ ಮೇಲಿನ ಪಿಎಚ್‌ಡಿ ಪ್ರಬಂಧಗಳನ್ನು ಭಾರತೀಯ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಉಚಿತವಾಗಿ ಓದಬಹುದು. ಆ ಪ್ರಬಂಧಗಳು ಸಬಲೀಕರಣವನ್ನು ಅಳೆದ ರೀತಿಯನ್ನೂ ಹೋಲಿಸಿ. ಯಾರೂ ಕೇಳದೆ ಬಿಟ್ಟ ಪ್ರಶ್ನೆಗೆ ಬಂದು ಅಧ್ಯಾಯ ನಿಲ್ಲಲಿ.

ಗೈಡ್ ಮನಸ್ಸಿನಲ್ಲಿರುವುದು ವಿಷಯವಾರು ಜೋಡಣೆಯೋ ಕಾಲಾನುಕ್ರಮವೋ ನಿಮ್ಮ ಪ್ರಶ್ನೆಯಿಂದ ಖಚಿತವಾಗಲಿಲ್ಲ. ಪೂರ್ತಿ ತಿದ್ದುವ ಮೊದಲು ಕೋಷ್ಟಕವನ್ನೂ ಹೊಸದಾಗಿ ಬರೆದ ಒಂದು ಪ್ಯಾರಾವನ್ನೂ ತೋರಿಸಿ ಕೇಳಿಬಿಡಿ.