ಪರೀಕ್ಷೆಯಲ್ಲಿ ಫಾಸ್ಫೇಟ್ ಸೊನ್ನೆ, ಕಲ್ಲಿನ ಮೇಲೆ ಪಾಚಿ ಮಾತ್ರ ಹುಲುಸು: ಏಕೆ?

ಎಂಟು ತಿಂಗಳಿಂದ ಹವಳ ಸಾಕುವ ನಿಮ್ಮ ಉಪ್ಪುನೀರಿನ ರೀಫ್ ಟ್ಯಾಂಕಿನ ಕಲ್ಲುಗಳ ಮೇಲೆ ಹಸಿರು ಕೂದಲಿನಂಥ ಪಾಚಿ ಬೆಳೆಯುತ್ತಲೇ ಇದೆ, ನೀರಿನ ಪರೀಕ್ಷೆಯಲ್ಲಿ ಪಾಚಿಯ ಪೋಷಕಾಂಶಗಳಾದ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಬರುತ್ತಿವೆ, ಪಾಚಿನಾಶಕ ಹಾಕಿದರೂ ತಿಂಗಳೊಳಗೆ ಮರಳುತ್ತದೆ ಎಂದಿದ್ದೀರಿ.

ಆ ಸೊನ್ನೆಯನ್ನು ನಂಬಬೇಡಿ. ಪರೀಕ್ಷೆ ಅಳೆಯುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ. ಪಾಚಿ ಆಗಲೇ ಹೀರಿಕೊಂಡದ್ದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಜೊತೆಗೆ ಕಲ್ಲುಗಳು ಫಾಸ್ಫೇಟನ್ನು ಹಿಡಿದಿಟ್ಟುಕೊಂಡು, ನೀರಿನಲ್ಲಿ ಅದು ಇಳಿದಾಗ ಮೆಲ್ಲಗೆ ಬಿಟ್ಟುಕೊಡುತ್ತವೆ. ಪಾಚಿನಾಶಕದಿಂದ ಸತ್ತ ಪಾಚಿ ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೆ ಹಿಂದಿರುಗಿಸುತ್ತದೆ. ಮುಂದಿನ ಬೆಳೆಗೆ ಅದೇ ಗೊಬ್ಬರ.

ನಾನೂ ಸೊನ್ನೆಯ ಬೆನ್ನು ಹತ್ತಿದ್ದೆ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನು ದುಪ್ಪಟ್ಟು ಮಾಡಿದೆ, ಮೀನುಗಳ ಆಹಾರವನ್ನು ಅರ್ಧಕ್ಕಿಳಿಸಿದೆ. ಕೂದಲು ಪಾಚಿ ತೆಳುವಾಯಿತು, ಹವಳಗಳೂ ಬಿಳಿಚಿಕೊಂಡವು. ಆಮೇಲೆ ಮರಳಿನ ಮೇಲೆ ಗಾಳಿಗುಳ್ಳೆ ಹೊತ್ತ ಕಂದು ಲೋಳೆ ಹರಡಿತು: ಡೈನೋಫ್ಲ್ಯಾಜೆಲೇಟ್‌ಗಳು. ನೀರು ತೀರಾ ಬರಿದಾಗಿ ಉಳಿದ ಸೂಕ್ಷ್ಮಜೀವಿಗಳು ಸೊರಗಿದಾಗ ಇವು ತಲೆಯೆತ್ತುತ್ತವೆ, ಕೆಲವಂತೂ ವಿಷಕಾರಿ. ನನ್ನ ಬಸವನಹುಳುಗಳು ಒಂದೊಂದಾಗಿ ಸತ್ತವು. ಅವುಗಳನ್ನು ಹೊರತೆಗೆದ ದಿನಗಳು ಇನ್ನೂ ನೋಯಿಸುತ್ತವೆ. ಈಗ ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲೆಂದೇ ಬಿಡುತ್ತೇನೆ.

ಹಾಗಾದರೆ ಪಾಚಿ? ಕೈಯಿಂದ ಕೀಳಿ. ಕಿತ್ತು ಹೊರಹಾಕಿದ ಪ್ರತಿ ಹಿಡಿಯೊಡನೆ ಅದು ಹೀರಿದ ಪೋಷಕಾಂಶವೂ ಹೊರಹೋಗುತ್ತದೆ. ನೀರು ಬದಲಿಸುವ ದಿನ ಪಂಪುಗಳನ್ನು ನಿಲ್ಲಿಸಿ, ಒಂದು ಕೈಯಲ್ಲಿ ಎಳೆಗಳನ್ನು ಬುಡದಿಂದ ಹಿಡಿದು ಕೀಳುತ್ತ, ಇನ್ನೊಂದು ಕೈಯಲ್ಲಿ ಸೈಫನ್ ಕೊಳವೆಯ ಬಾಯನ್ನು ಅಲ್ಲೇ ಹಿಡಿಯಿರಿ. ತುಣುಕು ತೇಲಿಹೋದರೆ ಬೇರೆ ಕಡೆ ಬೇರೂರುತ್ತದೆ. ತೆಗೆಯಲು ಬರುವ ಕಲ್ಲುಗಳನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಆ ನೀರನ್ನು ಚೆಲ್ಲಿಬಿಡಿ.

ಬಸವನಹುಳುಗಳ ಸರದಿ ಆಮೇಲೆ. ಉದ್ದ ಎಳೆಗಳನ್ನು ಅವು ಮುಟ್ಟುವುದೇ ಅಪರೂಪ, ಗಿಡ್ಡ ಚಿಗುರನ್ನು ಚೆನ್ನಾಗಿ ಮೇಯುತ್ತವೆ. ನನಗೆ ಟ್ರೋಕಸ್ ಇಷ್ಟ: ಬೋರಲು ಬಿದ್ದರೆ ತಾನೇ ಹೊರಳಿ ಏಳುತ್ತದೆ. ಟರ್ಬೊ ಹೆಚ್ಚು ತಿನ್ನುತ್ತದೆ, ಆದರೆ ಅಂಟಿಸದ ಹವಳಗಳನ್ನು ಉರುಳಿಸುತ್ತದೆ.

ಎಳೆಗಳು ಹಕ್ಕಿಯ ಗರಿಯಂತೆ ಕವಲೊಡೆದಿದ್ದರೆ ಅದು ಬ್ರಯಾಪ್ಸಿಸ್ ಎಂಬ ಇನ್ನೊಂದು ಪಾಚಿ. ಕೀಳುವುದಷ್ಟೇ ಸಾಲದು, ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಿ ಬೇಕಾಗಬಹುದು. ಟ್ಯಾಂಕಿಗೆ ಸುರಿಯುವ ಆರ್‌ಓ-ಡಿಐ ಶೋಧಕದಿಂದ ಶುದ್ಧೀಕರಿಸಿದ ನೀರಿನ ಟಿಡಿಎಸ್ (ಕರಗಿದ ಘನವಸ್ತುಗಳ ಒಟ್ಟು ಪ್ರಮಾಣ) ಸೊನ್ನೆಯೇ ಎಂದೂ ನೋಡಿ. ನಿಜವಾಗಿ ಸೊನ್ನೆ ಬೇಕಿರುವುದು ಅಲ್ಲಿ.

ಎರಡು ಮೂರು ತಿಂಗಳು ವಾರ ತಪ್ಪದೆ ಮಾಡಿ. ಉಜ್ಜಿದ ಕಲ್ಲಿನ ಮೇಲೆ ಗುಲಾಬಿ ನೇರಳೆ ಬಣ್ಣದ ಗಟ್ಟಿ ಪದರ ಕಂಡರೆ ಅದು ಕೋರಲೈನ್ ಪಾಚಿ, ಕೂದಲು ಪಾಚಿಗೆ ಜಾಗ ಬಿಡದ ಪಾಚಿ. ಆ ಜಾಗಕ್ಕೆ ಮತ್ತೆ ಬ್ರಷ್ ಹಾಕಬೇಡಿ.