ನನ್ನ ಕಂಪನಿಗೆ ನಾನೇ ಮಾಲೀಕ, ಸಂಬಳದ ಪತ್ರ ಯಾರಿಂದ ತರಲಿ?

ಪ್ರಶ್ನೆ: ಸಣ್ಣ ವೆಬ್ ಡಿಸೈನ್ ಕಂಪನಿ ನಡೆಸುತ್ತಿದ್ದೇನೆ. ಷೇರು ಪೂರ್ತಿ ನನ್ನದೇ, ನೌಕರರಿಲ್ಲ, ಕ್ಲೈಂಟ್‌ಗಳು ಬೇರೆ ಬೇರೆ ದೇಶದವರು. ಡಿಜಿಟಲ್ ನೊಮ್ಯಾಡ್ ವೀಸಾಗೆ, ಅಂದರೆ ಬೇರೆ ದೇಶದಲ್ಲಿದ್ದುಕೊಂಡು ಆನ್‌ಲೈನ್‌ನಲ್ಲೇ ಹೊರಗಿನವರಿಗೆ ಕೆಲಸ ಮಾಡಲು ಸಿಗುವ ವೀಸಾಗೆ, ಅರ್ಜಿ ಹಾಕಬೇಕು ಅಂತಿದ್ದೇನೆ. ಕೆಲಸ ಕೊಟ್ಟವರ ಪತ್ರ, ಸಂಬಳದ ಸ್ಲಿಪ್ ಕೇಳುತ್ತಿದ್ದಾರೆ. ನನಗೆ ನಾನೇ ಪತ್ರ ಬರೆದುಕೊಳ್ಳಬಹುದಾ? ಒಂದು ತಿಂಗಳು ಚೆನ್ನಾಗಿ ದುಡ್ಡು ಬರುತ್ತದೆ, ಮುಂದಿನ ತಿಂಗಳು ಏನೂ ಇರುವುದಿಲ್ಲ. ಇದನ್ನು ಹೇಗೆ ತೋರಿಸಲಿ?

ಉತ್ತರ: ಬರೆದುಕೊಳ್ಳಬಹುದು. ಆದರೆ ಅದೊಂದನ್ನೇ ನಂಬಿ ಅರ್ಜಿ ಹಾಕಬೇಡಿ. ನಿಮ್ಮ ಆದಾಯಕ್ಕೆ ನೀವೇ ಸಹಿ ಹಾಕಿದರೆ ಅಧಿಕಾರಿ ಅದನ್ನು ನಂಬಲೇಬೇಕು ಅಂತೇನಿಲ್ಲ, ಅಲ್ವಾ? ನೀವು ಹೇಳುವ ಮೊತ್ತವನ್ನೇ ಬ್ಯಾಂಕ್, ತೆರಿಗೆ ಇಲಾಖೆ, ಕ್ಲೈಂಟ್ ಕೂಡ ಹೇಳಬೇಕು. ಆಗ ಮಾತ್ರ ಅದಕ್ಕೆ ತೂಕ.

ಮೊದಲು ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ, ಮಾಲೀಕರು ಜಾಸ್ತಿ ಎಡವುವುದು ಇಲ್ಲೇ. ಕಂಪನಿ ಖಾತೆಗೆ ಬಂದ ದುಡ್ಡು ನಿಮ್ಮ ಆದಾಯ ಅಲ್ಲ. ಕಂಪನಿಗೆ ವರ್ಷಕ್ಕೆ 90,000 ಯೂರೊ ಬಂದು, ಅದರಲ್ಲಿ ನೀವು ಸಂಬಳ, ಡಿವಿಡೆಂಡ್ (ಲಾಭದಲ್ಲಿ ಷೇರುದಾರರಿಗೆ ಸಿಗುವ ಪಾಲು) ಅಂತ ತೆಗೆದುಕೊಂಡಿದ್ದು 30,000 ಆದರೆ, ನಿಮ್ಮ ಆದಾಯ ತಿಂಗಳಿಗೆ 2,500 ಅಷ್ಟೇ. ಉಳಿದದ್ದು ಕಂಪನಿಯದು. ಕಂಪನಿ ನೋಂದಾಯಿಸದೆ ಸ್ವಂತ ಹೆಸರಲ್ಲೇ ಕೆಲಸ ಮಾಡುವವರಿಗೆ ಲೆಕ್ಕ ಬೇರೆ, ಅವರದ್ದು ಖರ್ಚು ಕಳೆದು ಉಳಿದ ಲಾಭ.

ಹಾಗಾಗಿ ಕಂಪನಿ ಖಾತೆಯಿಂದ ನಿಮ್ಮ ಸ್ವಂತ ಖಾತೆಗೆ ಪ್ರತಿ ತಿಂಗಳು ಒಂದೇ ತಾರೀಖಿಗೆ, ಒಂದೇ ಮೊತ್ತ, 'ಸಂಬಳ' ಅಂತ ಬರೆದೇ ಕಳಿಸಿ. ಅರ್ಜಿಗೆ ಕನಿಷ್ಠ ಆರು ತಿಂಗಳು ಮುಂಚೆ ಶುರು ಮಾಡಿ. ಇದರಿಂದ ತೆರಿಗೆ ಎಷ್ಟು ಬದಲಾಗುತ್ತದೆ ಅಂತ ಅಕೌಂಟೆಂಟ್ ಹತ್ತಿರ ಮೊದಲೇ ಕೇಳಿಕೊಳ್ಳಿ. ವರ್ಷಕ್ಕೊಮ್ಮೆ ಡಿವಿಡೆಂಡ್ ಮಾತ್ರ ತೆಗೆದುಕೊಳ್ಳುವವರಿಗೆ ದುಡ್ಡಿದ್ದೂ ಕಷ್ಟವಾಗುತ್ತದೆ. ಏಕೆಂದರೆ ಪೋರ್ಚುಗಲ್ ನೋಡುವುದು ಹಿಂದಿನ ಮೂರು ತಿಂಗಳ ಸರಾಸರಿ, ಅದು ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಇರಬೇಕು. ಎಸ್ಟೋನಿಯಾ ಹಿಂದಿನ ಆರು ತಿಂಗಳು ನೋಡುತ್ತದೆ, ತೆರಿಗೆ ಕಳೆಯುವ ಮುಂಚೆ ತಿಂಗಳಿಗೆ 4,500 ಯೂರೊ ಕೇಳುತ್ತದೆ. ನಿಮಗೆ ಒಳ್ಳೆಯ ಸುದ್ದಿ ಅಂದರೆ, ಬೇರೆ ದೇಶದಲ್ಲಿ ನೋಂದಾಯಿಸಿದ ಸ್ವಂತ ಕಂಪನಿ ನಡೆಸುವವರೂ ಅರ್ಜಿ ಹಾಕಬಹುದು ಅಂತ ಎಸ್ಟೋನಿಯಾ ಸ್ಪಷ್ಟವಾಗಿ ಹೇಳಿದೆ. ಸ್ಪೇನ್‌ನಲ್ಲಿ ಆದಾಯದ ಜೊತೆ ಇನ್ನೂ ಕೆಲವು ಷರತ್ತಿವೆ: ಕಂಪನಿ ಕನಿಷ್ಠ ಒಂದು ವರ್ಷದಿಂದ ನಡೆಯುತ್ತಿರಬೇಕು, ಅದರ ಜೊತೆ ನಿಮ್ಮ ಕೆಲಸದ ಸಂಬಂಧ ಮೂರು ತಿಂಗಳಾದರೂ ಹಳೆಯದಿರಬೇಕು, ಸ್ಪೇನ್‌ನವರಿಗೆ ಮಾಡುವ ಕೆಲಸ ಒಟ್ಟು ಕೆಲಸದ 20% ದಾಟಬಾರದು. ಮೊತ್ತಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವಾರ ರಾಯಭಾರ ಕಚೇರಿಯ ಪುಟ ಮತ್ತೊಮ್ಮೆ ನೋಡಿ.

ಈಗ ಸಾಕ್ಷಿ ಜೋಡಿಸುವ ಕೆಲಸ. ಒಂದು ಇನ್‌ವಾಯ್ಸ್ ತೆಗೆದುಕೊಳ್ಳೋಣ. ಮಾರ್ಚ್ 5ರಂದು ಕ್ಲೈಂಟ್‌ಗೆ 2,400 ಯೂರೊ ಬಿಲ್ ಮಾಡಿದಿರಿ. ಮಾರ್ಚ್ 19ಕ್ಕೆ ಬ್ಯಾಂಕಿಗೆ ಬಂದಿದ್ದು 2,371. ಮಧ್ಯದ 29 ಯೂರೊ ಹಣ ಕಳಿಸುವ ಶುಲ್ಕ ಅಂತ ನಿಮಗೆ ಗೊತ್ತು, ಫೈಲ್ ನೋಡುವವರಿಗೆ ಗೊತ್ತಿಲ್ಲ. ಅವರಿಗೆ ಕಾಣುವುದು ಹೊಂದಿಕೆಯಾಗದ ಎರಡು ಮೊತ್ತ ಮಾತ್ರ. ಅದಕ್ಕೇ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಇನ್‌ವಾಯ್ಸ್ ನಂಬರ್, ತಾರೀಖು, ಬಿಲ್ ಮೊತ್ತ, ಬಂದ ಮೊತ್ತ, ವ್ಯತ್ಯಾಸಕ್ಕೆ ಕಾರಣ, ಸ್ಟೇಟ್‌ಮೆಂಟಿನ ಎಷ್ಟನೇ ಪುಟ. ಸ್ಟೇಟ್‌ಮೆಂಟಿನ ಒಂದು ಪ್ರತಿಯಲ್ಲಿ ಅದೇ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಇನ್‌ವಾಯ್ಸ್ ನಂಬರ್ ಬರೆದಿಡಿ. ಇದಕ್ಕೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ, ಹೋಗಲಿ. ನನ್ನ ಕೈಗೆ ಬಂದ ಫೈಲುಗಳಲ್ಲಿ ಇಂಥ ಪಟ್ಟಿ ಇದ್ದವರಿಗೆ ಮರುಪ್ರಶ್ನೆ ಬಂದಿದ್ದು ತುಂಬಾ ಕಡಿಮೆ.

ಅಕೌಂಟೆಂಟ್ ಪತ್ರ ಖಂಡಿತ ಬೇಕು. 'ಇವರು ನಮಗೆ ಪರಿಚಿತರು, ಒಳ್ಳೆಯ ಆದಾಯವಿದೆ' ಅನ್ನುವ ಎರಡು ಸಾಲು ಸುಮ್ನೆ ಕಾಗದ ದಂಡ. ಅವರ ಲೈಸೆನ್ಸ್ ನಂಬರ್, ಎಷ್ಟು ವರ್ಷದಿಂದ ನಿಮ್ಮ ಲೆಕ್ಕ ನೋಡುತ್ತಿದ್ದಾರೆ, ಕಂಪನಿಯಲ್ಲಿ ನಿಮ್ಮ ಷೇರು ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ನೀವು ತೆಗೆದುಕೊಂಡಿದ್ದೆಷ್ಟು, ತೆರಿಗೆಗೆ ಮುಂಚೆ ಮತ್ತು ಆಮೇಲೆ, ಇಷ್ಟೂ ಇರಲಿ. ಟ್ಯಾಕ್ಸ್ ರಿಟರ್ನ್‌ನಲ್ಲಿರುವ ಅಂಕಿಗೆ ಇದು ತಾಳೆಯಾಗಬೇಕು. ತೆರಿಗೆ ಉಳಿಸಲು ಆದಾಯ ಕಮ್ಮಿ ತೋರಿಸಿ, ವೀಸಾಗೆ ಜಾಸ್ತಿ ತೋರಿಸಲು ಹೋದರೆ ಎರಡೂ ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ.

ದುಡ್ಡು ಬಾರದ ತಿಂಗಳನ್ನು ಮುಚ್ಚಿಡಬೇಡಿ. ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಪೂರ್ತಿ ಕೊಡಿ, ಸರಾಸರಿ ತೋರಿಸಿ, ಮುಂದೆಯೂ ಕೆಲಸ ಇದೆ ಅನ್ನುವುದಕ್ಕೆ ಕ್ಲೈಂಟ್ ಒಪ್ಪಂದ ಇಡಿ. ಒಪ್ಪಂದದಲ್ಲಿ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಅನ್ನುವ ಸಾಲು ಇಲ್ಲದಿದ್ದರೆ, ಅಷ್ಟನ್ನು ಕ್ಲೈಂಟ್‌ನಿಂದ ಬೇರೆ ಪತ್ರದಲ್ಲಿ ಬರೆಸಿಕೊಳ್ಳಿ. ಸ್ನೇಹಿತರ ಹತ್ತಿರ ಸಾಲ ತಂದು ಕೊನೆ ವಾರ ಖಾತೆ ತುಂಬಿಸುವುದು ಮಾತ್ರ ಬೇಡವೇ ಬೇಡ, ಅದು ಮೊದಲ ನೋಟಕ್ಕೇ ಕಾಣುತ್ತದೆ.

ಆದಾಯ ಏರುಪೇರು, ಆದರೆ ಉಳಿತಾಯ ಚೆನ್ನಾಗಿದೆ ಅಂದರೆ ದೇಶವನ್ನೇ ಬದಲಿಸಿ ನೋಡಿ. ಥಾಯ್ಲೆಂಡ್ 2024ರ ಜುಲೈನಲ್ಲಿ ತಂದ ಡಿಟಿವಿ ವೀಸಾ (ದೂರದಿಂದ ಕೆಲಸ ಮಾಡುವವರೂ ಪಡೆಯಬಹುದಾದ ವೀಸಾ) ಕೇಳುವುದು 5,00,000 ಬಾತ್ ಉಳಿತಾಯ. ಕ್ರೊಯೇಷಿಯಾ ಕೂಡ ಮಾಸಿಕ ಆದಾಯದ ಬದಲು, ಅಲ್ಲಿರುವ ಅವಧಿಗೆ ಸಾಕಾಗುವ ಉಳಿತಾಯವನ್ನು ಒಪ್ಪುತ್ತದೆ.

ಅನುವಾದ, ಅಪೊಸ್ಟಿಲ್ (ದಾಖಲೆಯನ್ನು ಬೇರೆ ದೇಶ ಒಪ್ಪುವಂತೆ ಸರ್ಕಾರ ಕೊಡುವ ದೃಢೀಕರಣ) ಬೇಕಾ ಅಂತ ಮೊದಲೇ ವಿಚಾರಿಸಿ. ಕಂಪನಿ ನೋಂದಣಿ ಪತ್ರಕ್ಕೆ ಅಪೊಸ್ಟಿಲ್ ಆಗುವಷ್ಟರಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಹಳೆಯದಾಗಿಬಿಡುತ್ತದೆ. ಸ್ಟೇಟ್‌ಮೆಂಟನ್ನು ಎಲ್ಲಕ್ಕಿಂತ ಕೊನೆಗೆ ತೆಗೆಸಿಕೊಳ್ಳಿ.